ಸಾಲ ತೀರಿಸಿದ ಮೂವತ್ತೆರಡು ತಿಂಗಳು

ಹೊಳೆನರಸೀಪುರದ ನಮ್ಮ ಮನೆಯ ಮೇಲೆ ಇನ್ನೊಂದು ಮನೆ ಎತ್ತಲು ಹೊರಟಾಗ ನಮ್ಮ ಕೈಯಲ್ಲಿ ಬೇಕಾದದ್ದರ ಅರ್ಧ ದುಡ್ಡಿತ್ತು. ಉಳಿದರ್ಧಕ್ಕೆ ಸಾಲ ಮಾಡೋಣ, ಮೇಲಿನ ಮನೆಯ ಬಾಡಿಗೆಯೇ ಕಂತು ಕಟ್ಟಿಕೊಳ್ಳುತ್ತದೆ ಎಂದು ನನ್ನ ಗಂಡ ಹೇಳಿದರು. ನಾನೂ ಹೂಂ ಎಂದೆ. ಗೋಡೆ ಎದ್ದಿತು, ತಾರಸಿಯೂ ಆಯಿತು. ಗಿಲಾವು, ನೆಲ, ಬಾಗಿಲು ಎನ್ನುವಷ್ಟರಲ್ಲಿ ದುಡ್ಡು ಮುಗಿಯಿತು. ಇಟ್ಟಿಗೆ ಕಾಣುವ ಮನೆಗೆ ಬಾಡಿಗೆಗೆ ಯಾರೂ ಬರಲಿಲ್ಲ. ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಬಂತು.

ಗಂಡ ಊರಿನ ಒಂದು ಖಾಸಗಿ ಶಾಲೆಯ ವ್ಯಾನ್ ಓಡಿಸುತ್ತಾರೆ. ಬೇಸಿಗೆ ರಜೆಯಲ್ಲಿ ಅರ್ಧ ಸಂಬಳ. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹಾಸನದ ಬಟ್ಟೆ ಅಂಗಡಿಯೊಂದಕ್ಕೆ ಶಾಲಾ ಸಮವಸ್ತ್ರ ಹೊಲಿದು ಕೊಡುತ್ತೇನೆ. ಮನೆಯಲ್ಲಿ ನಾವಿಬ್ಬರು, ಒಂಬತ್ತನೇ ತರಗತಿಯ ಮಗಳು, ನನ್ನ ಅತ್ತೆ. ಆ ವರ್ಷ ಮೇ ತಿಂಗಳ ಕೊನೆಯಲ್ಲಿ ಮಹಿಳಾ ಸಂಘದ ವಾರದ ಕಂತಿಗೆ ದುಡ್ಡು ಸಾಲಲಿಲ್ಲ. ವಸೂಲಿಗೆ ಬಂದಾಕೆ ನಮ್ಮ ಜಗುಲಿಯ ಮೇಲೆ ಎರಡು ಗಂಟೆ ಕೂತಳು. ಕೊನೆಗೆ ಸಂಘದ ಉಳಿದ ಹೆಂಗಸರು ತಮ್ಮ ತಮ್ಮ ಪರ್ಸಿನಿಂದ ನೂರು, ಇನ್ನೂರು ತೆಗೆದು ನನ್ನ ಪಾಲನ್ನು ತುಂಬಿ ಹೋದರು. ಒಬ್ಬಳೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಇನ್ನು ಮೇಲೆ ಮನೆಯ ದುಡ್ಡೆಲ್ಲ ನನ್ನ ಕೈಗೆ ಬರಬೇಕು ಎಂದು ಅವತ್ತೇ ಗಂಡನಿಗೆ ಹೇಳಿದೆ.

“ತಗ ತಾಯಿ,” ಎಂದರು ಅವರು. “ನನ್ ಕೈಲಂತೂ ಆಗ್ಲಿಲ್ಲ. ನೀನೇ ನೋಡ್ಕ.”

ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಸಾಲಗಳನ್ನು ಬರೆದೆ. ಮನೆ ಸಾಲ ಕೊಟ್ಟ ಹಣಕಾಸು ಸಂಸ್ಥೆಗೆ ಎರಡು ಲಕ್ಷ ಹತ್ತು ಸಾವಿರ. ನನ್ನ ಒಡವೆ ಅಡವಿಟ್ಟಿದ್ದ ಸಹಕಾರ ಸಂಘಕ್ಕೆ ಒಂದು ಲಕ್ಷ ಮೂವತ್ತು ಸಾವಿರ. ಎರಡು ಮಹಿಳಾ ಸಂಘಗಳ ಬಾಕಿ ಸೇರಿ ಎಪ್ಪತ್ತು. ಸಿಮೆಂಟು ಕಬ್ಬಿಣದ ಅಂಗಡಿಗೆ ಐವತ್ತು. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಅತ್ತೆಯ ತಮ್ಮನಿಗೆ ಒಂದು ಲಕ್ಷ, ಬಡ್ಡಿಯಿಲ್ಲದ ಕೈಸಾಲ. ಒಟ್ಟು ಐದು ಲಕ್ಷ ಅರವತ್ತು ಸಾವಿರ. ಅದುವರೆಗೆ ನಾವು ಯಾರೂ ಅದನ್ನು ಕೂಡಿ ನೋಡಿರಲಿಲ್ಲ. ಕೂಡಿದ ಮೇಲೆ ಗಂಡ ಎದ್ದು ಹೋಗಿ ನೀರು ಕುಡಿದು ಬಂದರು.

ಪ್ರತಿ ಸಾಲದ ಮುಂದೆ, ಒಂದು ಕಂತು ತಪ್ಪಿದರೆ ಏನಾಗುತ್ತದೆ ಎಂದೂ ಬರೆದೆ. ಸಂಘದ್ದು ತಪ್ಪಿದರೆ ಬೇರೆ ಹೆಂಗಸರ ಮೇಲೆ ಬೀಳುತ್ತದೆ. ಮನೆ ಸಾಲ ತಪ್ಪಿದರೆ ದಂಡ. ಒಡವೆ ಸಾಲಕ್ಕೆ ಬಡ್ಡಿ ಕಟ್ಟುತ್ತಿದ್ದರೆ ಸದ್ಯಕ್ಕೆ ಯಾರೂ ಕೇಳುವುದಿಲ್ಲ. ಸಂಘದ್ದನ್ನು ಮೊದಲು ಮುಗಿಸುವುದು ಎಂದು ಹಾಗೆ ತೀರ್ಮಾನವಾಯಿತು. ಆದಾಯವನ್ನು ಸರಾಸರಿಯಲ್ಲಿ ಹಿಡಿಯಲಿಲ್ಲ. ವರ್ಷದಲ್ಲಿ ಅತಿ ಕಡಿಮೆ ಬರುವ ತಿಂಗಳನ್ನೇ ಎಲ್ಲ ತಿಂಗಳೆಂದು ಲೆಕ್ಕ ಹಾಕಿದೆ. ಸಂಬಳದ ದಿನ ದುಡ್ಡನ್ನೆಲ್ಲ ತಂದು ಹಳೆಯ ಲಗ್ನಪತ್ರಿಕೆಗಳ ಕವರುಗಳಿಗೆ ತುಂಬುವುದು, ಒಂದು ಕವರು ಬರಿದಾದರೆ ಇನ್ನೊಂದಕ್ಕೆ ಕೈ ಹಾಕಬಾರದು.

ಖರ್ಚಿನ ಪಟ್ಟಿಯನ್ನು ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಎಲ್ಲರಿಗೂ ಗೊತ್ತಿರಲಿ, ಯಾರೂ ನನ್ನನ್ನು ಜಿಪುಣಿ ಅನ್ನದಿರಲಿ ಎಂಬುದು ನನ್ನ ಎಣಿಕೆ. ಅಕ್ಕಿ, ಬೇಳೆ, ಹಾಲು, ಗ್ಯಾಸು, ಕರೆಂಟು, ಮಗಳ ಟ್ಯೂಷನ್, ಗಂಡನ ಎಲೆಅಡಿಕೆ, ಅತ್ತೆಯ ಕಣ್ಣಿನ ಹನಿ. ಅತ್ತೆಗೆ ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ. ಗ್ಲಕೋಮಾ ಎಂದು ಹಾಸನದ ಕಣ್ಣಾಸ್ಪತ್ರೆಯಲ್ಲಿ ಹೇಳಿ, ಎರಡು ಬಗೆಯ ಹನಿಯನ್ನು ಎರಡೂ ಕಣ್ಣಿಗೆ ದಿನಾ ಬಿಡಬೇಕು ಎಂದಿದ್ದರು. ಒಂದು ಶೀಶೆಗೆ ಮುನ್ನೂರ ಎಂಬತ್ತು, ಇನ್ನೊಂದಕ್ಕೆ ಇನ್ನೂರೈವತ್ತು. ತಿಂಗಳಿಗೆ ಆರುನೂರ ಮೂವತ್ತು ರೂಪಾಯಿ ಎಂದು ನಾನು ಓದಿದ್ದು ಗಂಡನ ಎಲೆಅಡಿಕೆಯನ್ನು ಓದಿದ ದನಿಯಲ್ಲೇ. ಅತ್ತೆ ಗೋಡೆಗೆ ಒರಗಿ ಕೂತು ಕೇಳಿಸಿಕೊಂಡರು. ಗಂಡ ಎಲೆಅಡಿಕೆ ಬಿಡುತ್ತೇನೆ ಎಂದರು. ಎಲ್ಲರೂ ನಕ್ಕೆವು.

ಜುಲೈನಲ್ಲಿ, ಇನ್ನೊಂದಷ್ಟು ವಾಯಿದೆ ಕೇಳಲು ಗಂಡ, ಅತ್ತೆ, ನಾನು ಮೂವರೂ ಚನ್ನರಾಯಪಟ್ಟಣಕ್ಕೆ ಹೋದೆವು. ಅತ್ತೆಯ ತಮ್ಮ ಕೊಬ್ಬರಿ ಮೂಟೆಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಫಿ ತರಿಸಿದರು. ನನ್ನ ಗಂಡನ ಕಡೆ ತಿರುಗಲಿಲ್ಲ, ಅಕ್ಕನ ಜೊತೆಗೇ ಮಾತಾಡಿದರು.

“ಅಕ್ಕಾ, ನಾನು ದುಡ್ಡು ಕೊಟ್ಟಿದ್ದು ನಿನ್ ಮಕ ನೋಡ್ಕಂಡು. ನಿನ್ ಮಗನ್ ಮಕ ನೋಡ್ಕಂಡಲ್ಲ. ಮೇಲೊಂದು ಮನೆ ಇಲ್ದಿದ್ರೆ ನಿಮ್ಗೆ ನಿದ್ದೆ ಬತ್ತಿರ್ಲಿಲ್ವಾ?”

“ಕೊಡ್ತಾರೆ ಕಣಪ್ಪ,” ಎಂದರು ಅತ್ತೆ. “ನನ್ ಸೊಸೆ ಲೆಕ್ಕ ಬರ್ದವ್ಳೆ.”

“ಬರ್ದ್ರೆ ಬಂದ್ಬುಡ್ತದಾ?”

ಅತ್ತೆ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಬೇಜಾರಾಗಿರಬಹುದು, ಸರಿಹೋಗುತ್ತದೆ ಎಂದುಕೊಂಡೆ.

ಆಗಸ್ಟಿನಲ್ಲಿ ಮೊದಲ ಪೆಟ್ಟು ಬಿತ್ತು. ಸಮವಸ್ತ್ರದ ಸುಗ್ಗಿಯೆಂದರೆ ಮೇ, ಜೂನ್. ಅಂಗಡಿಯವರು ನನಗೆ ಹದಿನೆಂಟು ಸಾವಿರ ಕೊಡಬೇಕಿತ್ತು. ಶಾಲೆಗಳಿಂದ ತಮಗೇ ಬಂದಿಲ್ಲ ಎಂದು ಮೂರು ಸಲ ಹಾಸನದಿಂದ ಬರಿಗೈಯಲ್ಲಿ ಕಳಿಸಿದರು. ಬಸ್ ಚಾರ್ಜು ನಷ್ಟ. ನಾನು ಕವರುಗಳನ್ನು ನೆಲದ ಮೇಲೆ ಹರಡಿಕೊಂಡು ಯಾವುದರಿಂದ ಎಷ್ಟು ಕೀಳಲಿ ಎಂದು ನೋಡುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು.

“ಆ ದೊಡ್ ಶೀಸೆ ತರ್ಬ್ಯಾಡ ಕಣವ್ವ ಇನ್ಮೇಲೆ. ಚಿಕ್ಕುದೊಂದೇ ಸಾಕಂತೆ.”

“ಯಾರು ಹೇಳಿದ್ರು ಅತ್ತೆ?”

“ಡಾಕ್ಟ್ರೇ ಏಳವ್ರೆ.”

ನಾನು ಪಟ್ಟಿಯಲ್ಲಿ ಆರುನೂರ ಮೂವತ್ತನ್ನು ಹೊಡೆದು ಇನ್ನೂರೈವತ್ತು ಎಂದು ಬರೆದೆ.

ಇದನ್ನು ಸರಿಯಾಗಿ ಹೇಳಬೇಕು. ಅತ್ತೆ ಒಬ್ಬರೇ ಹಾಸನದ ಬಸ್ಸು ಹತ್ತುವವರಲ್ಲ. ಆ ಬೇಸಿಗೆಯಿಂದೀಚೆಗೆ ನಾನಾಗಲಿ ಗಂಡನಾಗಲಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿರಲಿಲ್ಲ. ಡಾಕ್ಟರು ಯಾವಾಗ ಹೇಳಿದರು ಎಂದು ಇನ್ನೊಂದು ಪ್ರಶ್ನೆ ಕೇಳಿದ್ದರೆ ಸುಳ್ಳು ಅಲ್ಲೇ ಬಿದ್ದುಹೋಗುತ್ತಿತ್ತು. ಆ ಪ್ರಶ್ನೆ ನನ್ನ ಬಾಯಿಯವರೆಗೆ ಬಂದಿತ್ತು. ಮುನ್ನೂರ ಎಂಬತ್ತು ರೂಪಾಯಿ ಉಳಿಯುತ್ತದೆ ಎಂಬುದು ಅದಕ್ಕಿಂತ ಮುಂಚೆ ಬಂದುಬಿಟ್ಟಿತು.

ಆಮೇಲಿನ ತಿಂಗಳುಗಳಲ್ಲಿ ಚಿಕ್ಕ ಶೀಶೆಯೂ ಒಂದು ತಿಂಗಳು ಬಿಟ್ಟು ಒಂದು ತಿಂಗಳು ತಂದರೆ ಸಾಕಾಗತೊಡಗಿತು. “ತರ್ಲಾ ಅತ್ತೆ?” ಎಂದರೆ “ಇನ್ನೂ ಐತೆ ಕಣವ್ವ” ಎನ್ನುತ್ತಿದ್ದರು. ಆ ಇನ್ನೂರೈವತ್ತನ್ನು ನಾನು ಸಂಘದ ಕವರಿಗೆ ಹಾಕುತ್ತಿದ್ದೆ. ಅಕ್ಟೋಬರಿನಲ್ಲಿ ಅಂಗಡಿಯ ದುಡ್ಡು ಬಂತು. ಅಷ್ಟನ್ನೂ ಒಂದು ಸಂಘಕ್ಕೇ ಕಟ್ಟಿದೆ. ನವೆಂಬರಿನಲ್ಲಿ ಅರಕಲಗೂಡಿನ ನನ್ನ ತವರಿನಲ್ಲಿ ಅಣ್ಣನ ಮಗಳ ಮದುವೆಗೆ ಉಮಾಗೋಲ್ಡಿನ ನಕಲಿ ಸರ ಹಾಕಿಕೊಂಡು ಹೋದೆ. ಮುಯ್ಯಿ ಐನೂರು ಹಾಕಿದೆ. ಅತ್ತಿಗೆ ಕವರು ಮುಟ್ಟಿ ನೋಡಿ ಒಳಗಿಟ್ಟಳು. ನನಗೆ ನೋವಾಗಲಿಲ್ಲ, ಒಂದು ಬಗೆಯ ಹೆಮ್ಮೆಯಾಯಿತು. ಎಲ್ಲರಿಗಿಂತ ಹೆಚ್ಚು ಕಷ್ಟಪಡುತ್ತಿರುವವಳು ನಾನೇ ಎಂದು ನಂಬಿದ್ದೆ.

ಅಷ್ಟಾದರೂ ಸಿಮೆಂಟು ಅಂಗಡಿಯವರಿಗೂ ಚನ್ನರಾಯಪಟ್ಟಣಕ್ಕೂ ಒಂದು ಪೈಸೆ ಹೋಗಿರಲಿಲ್ಲ. ಸಂಕ್ರಾಂತಿಯ ಹಿಂದಿನ ವಾರ ಸಿಮೆಂಟಿನವರು ಶಾಲೆಯ ಗೇಟಿಗೇ ಬಂದು, ಮಕ್ಕಳನ್ನು ಇಳಿಸುತ್ತಿದ್ದ ನನ್ನ ಗಂಡನನ್ನು ಮೇಷ್ಟರುಗಳ ಮುಂದೆ ಕೇಳಿದರು. ಗಂಡ ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ನಾನು ಮೇಲಿನ ಮನೆಗೆ ಹೋಗಿ ಆ ಖಾಲಿ ಕೋಣೆಗಳಲ್ಲಿ ಸುಮಾರು ಹೊತ್ತು ಓಡಾಡಿದೆ. ಇದನ್ನು ಬಾಡಿಗೆಗೆ ಯಾರೂ ಕೇಳುವುದಿಲ್ಲ, ಸರಿ. ಕೆಳಗಿನ ಮನೆಗಾದರೆ ನಾಳೆಯೇ ಜನ ಬರುತ್ತಾರೆ.

ಕೆಳಗೆ ಬಂದು ಹೇಳಿದೆ, “ನಾವೇ ಮೇಲಕ್ಕೆ ಹೋಗೋಣ. ಕೆಳಗಿನದನ್ನ ಬಾಡಿಗೆಗೆ ಕೊಡೋಣ.”

“ಗಿಲಾವಿಲ್ಲ, ನೆಲ ಇಲ್ಲ, ಮೆಟ್ಲಿಗೆ ಕಂಬಿ ಇಲ್ಲ,” ಎಂದರು ಗಂಡ. “ಅವ್ವ ಎಂಗ್ ಅತ್ತಿ ಇಳಿದಾಳು?”

ಅತ್ತೆಯೇ ಒಳಗಿನಿಂದ ಹೇಳಿದರು. “ನಂದೇನ್ಲಾ? ಗ್ವಾಡೆ ಇಡ್ಕಂಡು ಅತ್ತೀನಿ. ಅವ್ಳು ಏಳ್ದಂಗೆ ಕೇಳು.”

ಮೆಟ್ಟಿಲು ಹದಿನೇಳು. ಹತ್ತುವಾಗ ಎಡಕ್ಕೆ ಗೋಡೆ, ಬಲಕ್ಕೆ ಬಯಲು. ವೆಲ್ಡಿಂಗಿನವನು ಕಂಬಿಗೆ ಹನ್ನೊಂದು ಸಾವಿರ ಹೇಳಿದ. ಸಾಲ ತೀರಿದ ಮೇಲೆ ಮಾಡಿಸೋಣ ಎಂದೆ. ಸಂಕ್ರಾಂತಿ ಕಳೆದ ವಾರ ನಾವು ಮೇಲಕ್ಕೆ ಹೋದೆವು. ಕೆಳಗಿನ ಮನೆಗೆ ಶಿಕ್ಷಕ ದಂಪತಿ ಬಂದರು. ತಿಂಗಳಿಗೆ ಐದು ಸಾವಿರ ಬಾಡಿಗೆ, ನಲವತ್ತು ಸಾವಿರ ಮುಂಗಡ. ಮುಂಗಡವೂ ಒಂದು ಸಾಲವೇ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಆದರೂ ಅದನ್ನು ಹಾಗೇ ತೆಗೆದುಕೊಂಡು ಹೋಗಿ ಸಿಮೆಂಟಿನವರ ಮೇಜಿನ ಮೇಲೆ ಇಟ್ಟ ದಿನ ನನಗಾದ ಸಂತೋಷ ದೊಡ್ಡದು. ಜೂನಿಗೆ ಎರಡೂ ಸಂಘಗಳು ಮುಗಿದವು. ವಾರಕ್ಕೆ ಸಾವಿರದ ಐನೂರು ಬಿಡುಗಡೆಯಾಯಿತು. ಹೊಸ ಲೆಕ್ಕ ಹಾಕಿದೆ. ಹೀಗೇ ನಡೆದರೆ ಶುರುಮಾಡಿದ ದಿನದಿಂದ ಮೂವತ್ತು ತಿಂಗಳಿಗೆ, ಮನೆ ಸಾಲವೊಂದು ಬಿಟ್ಟು, ಎಲ್ಲ ತೀರುತ್ತದೆ.

ಆ ದಿನಗಳಲ್ಲೇ ಮಗಳು ಒಮ್ಮೆ ಹೇಳಿದಳು, “ಅಮ್ಮ, ಅಜ್ಜಿ ಟೀವಿ ನೋಡೋವಾಗ ಕತ್ತು ಓರೆ ಮಾಡ್ಕಂಡು ನೋಡ್ತಾರೆ.”

“ವಯಸ್ಸಾಯ್ತಲ್ಲ ಕಣೆ,” ಎಂದೆ. ಹೊಲಿಗೆ ಯಂತ್ರದ ಬಾಬಿನ್ನಿನಲ್ಲಿ ದಾರ ಮುಗಿದಿತ್ತು, ಅದನ್ನು ತುಂಬುತ್ತಿದ್ದೆ.

ಆಗಸ್ಟಿನ ಒಂದು ಬೆಳಿಗ್ಗೆ, ಗಂಡ ವ್ಯಾನಿಗೆ ಹೋಗಿ ಅರ್ಧ ಗಂಟೆಯಾಗಿತ್ತು. ಅತ್ತೆ ದೇವರಿಗೆ ಹೂ ಬಿಡಿಸಲು ಕೆಳಗಿಳಿಯುತ್ತಿದ್ದರು. ಕಾಫಿಗೆ ಹಾಲಿಟ್ಟಿದ್ದ ನನಗೆ ಸ್ಟೀಲ್ ಬುಟ್ಟಿ ಉರುಳಿದ ಸದ್ದು ಕೇಳಿತು, ಆಮೇಲೆ ಕೆಳಗಿನ ಮನೆಯ ಟೀಚರು ಕಿರುಚಿದ್ದು. ನಾಲ್ಕು ಮೆಟ್ಟಿಲು ಮೇಲಿನಿಂದ ಬಯಲಿನ ಕಡೆಗೆ ಬಿದ್ದಿದ್ದರು. ಇನ್ನೂ ಮೇಲಿನಿಂದ ಬಿದ್ದಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ. ಕೈ ಊರಿದ್ದರಿಂದ ಮಣಿಕಟ್ಟು ಮುರಿದಿತ್ತು.

ಊರಿನ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಬ್ಯಾಂಡೇಜು ಹಾಕಿ, ಹೇಗೆ ಬಿದ್ದಿರಿ ಎಂದು ಕೇಳಿದರು. “ಮೆಟ್ಲು ಅಲ್ಲೇ ಐತೆ ಅನ್ಕಂಡೆ ಸಾ,” ಎಂದರು ಅತ್ತೆ. ಡಾಕ್ಟರು ಅವರ ಮುಖದ ಎಡಪಕ್ಕದಲ್ಲಿ ಪೆನ್ನು ಆಡಿಸಿದರು. ಅತ್ತೆ ಡಾಕ್ಟರ ಮುಖವನ್ನೇ ನೋಡುತ್ತ, ಇನ್ನೊಂದು ಪ್ರಶ್ನೆಗೆ ಕಾಯುತ್ತಿರುವವರ ಹಾಗೆ ಕೂತಿದ್ದರು. ಡಾಕ್ಟರು ನನ್ನ ಕಡೆ ತಿರುಗಿ, “ಇವರನ್ನ ಮೊದಲು ಕಣ್ಣಿಗೆ ತೋರಿಸಿ” ಎಂದರು.

ಮರುದಿನ ಹಾಸನಕ್ಕೆ ಹೋದೆವು. ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒತ್ತಡ ನೋಡಿದರು. ಒಂದು ಯಂತ್ರದೊಳಗೆ ಗದ್ದ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಬಲಗಣ್ಣಿಗೆ ಗುಂಡಿಯ ಸದ್ದು ಆಗಾಗ ಬಂತು. ಎಡಗಣ್ಣಿನ ಸರದಿಯಲ್ಲಿ ಕೋಣೆ ನಿಶ್ಶಬ್ದವಾಗಿತ್ತು. ಅತ್ತೆ ಗುಂಡಿಯನ್ನು ಹಿಡಿದುಕೊಂಡು ಕಾಯುತ್ತಲೇ ಇದ್ದರು.

ಡಾಕ್ಟರು ಫೈಲು ತಿರುವಿದರು. “ಹೋದ ವರ್ಷ ಏಪ್ರಿಲ್ ಆದಮೇಲೆ ನೀವು ಬಂದೇ ಇಲ್ವಲ್ಲ? ಹನಿ ಬಿಡ್ತಾ ಇದ್ರಾ?”

ನಾನು, “ಒಂದೇ ಸಾಕು ಅಂತ ಹೇಳಿದ್ರಂತೆ...” ಎಂದೆ.

“ಯಾರು?”

ಆ ಪ್ರಶ್ನೆಯನ್ನು ಕೊನೆಯವರೆಗೂ ಕೇಳಲು ಒಂದು ವರ್ಷ ತಡವಾಗಿತ್ತು, ಕೇಳಿದ್ದೂ ನಾನಲ್ಲ.

“ಈ ಕಾಯಿಲೇಲಿ ನೋವಿರಲ್ಲಮ್ಮ,” ಎಂದರು ಡಾಕ್ಟರು. “ಅಂಚಿನಿಂದ ಕಾಣೋದು ಹೋಗ್ತಾ ಬರುತ್ತೆ, ಗೊತ್ತೇ ಆಗಲ್ಲ. ಎಡಗಣ್ಣು ಮೊದಲೇ ಸ್ವಲ್ಪ ಹಾಳಾಗಿತ್ತು. ಈಗ ಪೂರ್ತಿ ಹೋಗಿದೆ. ಹೋಗಿದ್ದು ವಾಪಸ್ ಬರಲ್ಲ. ಬಲಗಣ್ಣನ್ನ ಉಳಿಸ್ಕೋಬಹುದು.” ಶೀಶೆ ತೆರೆದ ಮೇಲೆ ಒಂದು ತಿಂಗಳಿಗಿಂತ ಹೆಚ್ಚು ಬಳಸಬಾರದು ಎಂದೂ ಹೇಳಿದರು.

ಹೊಳೆನರಸೀಪುರದ ಬಸ್ಸಿನಲ್ಲಿ ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿದೆ. ಬಸ್ಸು ಊರು ದಾಟಿತು.

“ಯಾಕೆ ಹಂಗ್ ಮಾಡಿದ್ರಿ ಅತ್ತೆ?” ಎಂದೆ.

“ಎಡಗಣ್ಣು ಎಂಗಿದ್ರೂ ಮಬ್ಬಿತ್ತು ಕಣವ್ವ. ಅದುಕ್ಯಾಕೆ ದಂಡ ಅಂತ ಬಲಗಣ್ಣಿಗೆ ಮಾತ್ರ ಬುಟ್ಕತಿದ್ದೆ. ಒಂದ್ ಶೀಸೆ ಎಲ್ಡ್ ತಿಂಗ್ಳು ಬತ್ತಿತ್ತು.” ಆಮೇಲೆ ಹೇಳಿದರು, “ನನ್ ತಮ್ಮನ ತಾವ ಅಂಗ್ ಅನ್ನುಸ್ಕಂಡ್ ಮ್ಯಾಲೆ ನಂಗೆ ಊಟ ಸೇರ್ತಿರ್ಲಿಲ್ಲ. ನೀನು ಮಿಷಿನ್ ತುಳ್ದೂ ತುಳ್ದೂ ಕಾಲು ಊದುಸ್ಕಂಡಿದ್ದೆ. ನಂದೊಂದ್ ಉಳೀಲಿ ಅಂದ್ಕಂಡೆ.”

ನಾನು ಅತ್ತುಬಿಟ್ಟೆ. ಬಸ್ಸಿನಲ್ಲಿ ಜನ ನೋಡಿದರು. ಅತ್ತೆ ಬ್ಯಾಂಡೇಜಿಲ್ಲದ ಕೈಯಿಂದ ನನ್ನ ತೊಡೆ ತಟ್ಟಿ, “ಬುಡು, ನಿಂದೇನೈತೆ ಇದ್ರಲ್ಲಿ” ಎಂದರು. ಆ ಮಾತನ್ನು ಆಮೇಲೂ ಎಷ್ಟೋ ಸಲ ಹೇಳಿದ್ದಾರೆ. ಹೇಳಿದಾಗಲೆಲ್ಲ, ಪೆನ್ನು ಹಿಡಿದು ಆರುನೂರ ಮೂವತ್ತನ್ನು ಹೊಡೆದ ಕೈ ನನ್ನದೇ ಎಂದು ನೆನಪಾಗುತ್ತದೆ.

ಗಂಡನಿಗೆ ಎಲ್ಲವನ್ನೂ ಹೇಳಿದೆ, ನನ್ನ ಬಾಯಿಯವರೆಗೆ ಬಂದು ನಿಂತ ಪ್ರಶ್ನೆಯನ್ನೂ ಸೇರಿಸಿ. ಅವರು ನನ್ನನ್ನು ಬೈಯಲಿಲ್ಲ. “ನಾನೂ ಅದೇ ಮನೇಲಿದ್ನಲ್ಲ,” ಎಂದಷ್ಟೇ ಅಂದರು. ವಾರದೊಳಗೆ ಮೆಟ್ಟಿಲಿಗೆ ಕಂಬಿ ಬಂತು, ವೆಲ್ಡಿಂಗಿನವನಿಗೆ ಎರಡೇ ದಿನದ ಕೆಲಸ. ಹನಿ ಈಗ ಮೂರು ಬಗೆಯವು. ಬೆಳಿಗ್ಗೆ, ಸಂಜೆ ನಾನೇ ಬಿಡುತ್ತೇನೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಬೇಕು, ಬಿಟ್ಟ ಮೇಲೆ ಮೂಗಿನ ಪಕ್ಕ ಬೆರಳಿನಿಂದ ಒತ್ತಿ ಹಿಡಿಯಬೇಕು. ಮೂರು ತಿಂಗಳಿಗೊಮ್ಮೆ ಹಾಸನ. ಅದರ ಕವರನ್ನು ಅಕ್ಕಿಯದಕ್ಕಿಂತ ಮೊದಲು ತುಂಬುತ್ತೇನೆ.

ಒಡವೆ ಬಿಡಿಸಿಕೊಂಡೆವು. ಕೊನೆಗೆ ಚನ್ನರಾಯಪಟ್ಟಣದ ದುಡ್ಡು ಉಳಿದಿತ್ತು. ಅದನ್ನು ತೆಗೆದುಕೊಂಡು ಹೋದಾಗ ಅತ್ತೆಯ ತಮ್ಮ ಎಣಿಸದೆ ಗಲ್ಲಾಪೆಟ್ಟಿಗೆಗೆ ಹಾಕಿದರು. “ಅವಸ್ರ ಏನಿತ್ತವ್ವ?” ಎಂದರು ನನಗೆ. “ನಾನೇನು ನಿಮ್ ಕತ್ ಮೇಲೆ ಕೂತಿದ್ನಾ? ಒಂದ್ ಮಾತು ಅಂದಿರ್ಬೌದು. ಅಕ್ಕನ್ ಕಣ್ಣಿನ್ ಇಚಾರ ಮೊದ್ಲೇ ಏಳಿದ್ರೆ ನಾನೇ ಕೊಡ್ತಿದ್ನಲ್ಲ.” ಅವರು ಸುಳ್ಳು ಹೇಳುತ್ತಿರಲಿಲ್ಲ. ಕಣ್ಣು ಒರೆಸಿಕೊಂಡರು.

ಮೂವತ್ತು ತಿಂಗಳಿಗೆ ಮುಗಿಯಬೇಕಾದದ್ದು ಮೂವತ್ತೆರಡಕ್ಕೆ ಮುಗಿಯಿತು. ಕಂಬಿ, ಕೈಯ ಚಿಕಿತ್ಸೆ, ಮೂರು ಬಗೆಯ ಹನಿ, ಹಾಸನದ ಓಡಾಟ ಎಲ್ಲ ಸೇರಿ ತಡವಾದದ್ದು ಎರಡೇ ತಿಂಗಳು. ಅತ್ತೆಯ ಕಣ್ಣು ಉಳಿಯಲು ಮೊದಲೇ ಆ ಎರಡು ತಿಂಗಳನ್ನು ಬಿಟ್ಟುಕೊಟ್ಟಿದ್ದರೆ ಸಾಕಿತ್ತು. ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಅಷ್ಟೇ ಬರುತ್ತದೆ.

ಹಿಂದಿನ ಬೀದಿಯ ಹೆಂಗಸೊಬ್ಬಳು ಮೊನ್ನೆ ಬಂದಿದ್ದಳು. ಅವಳ ಗಂಡ ಗಾರೆ ಕೆಲಸದವನು. ಮೂರು ಸಂಘಗಳಲ್ಲಿ ಸಾಲವಾಗಿದೆ. ನಾವು ತೀರಿಸಿದ್ದು ಅವಳ ಕಿವಿಗೆ ಬಿದ್ದಿತ್ತು.

“ಅಕ್ಕ, ನೀವು ಎಂಗ್ ಬರ್ಕತಿದ್ರಿ ಒಸಿ ಏಳ್ಕೊಡಿ.”

ಚಾಪೆ ಹಾಸಿ ಕೂರಿಸಿ, ಹೊಸ ಹಾಳೆ ತೆಗೆದು ಅವಳ ಖರ್ಚುಗಳನ್ನು ಒಂದೊಂದೇ ಕೇಳುತ್ತ ಬರೆದೆ. ಅತ್ತೆ ಬಾಗಿಲ ಬಳಿ ಬಿಸಿಲಿಗೆ ಕೂತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅಕ್ಕಿ, ಎಣ್ಣೆ, ಹಾಲು ಆಯಿತು. ಔಷಧಿಗೇನಾದರೂ ಖರ್ಚಿದೆಯೇ ಎಂದು ಕೇಳಿದೆ.

“ನಮ್ಮತ್ತೆ ಸಕ್ರೆ ಕಾಯ್ಲೆ ಮಾತ್ರೆ ಒಂದಿತ್ತು ಅಕ್ಕ. ಅವ್ರೇ ಬ್ಯಾಡ ಅಂದ್ಬುಟ್ರು, ಅದೊಂದು ಉಳೀತು.”

ನಾನು ಪೆನ್ನು ಕೆಳಗಿಟ್ಟೆ. ಅಷ್ಟರಲ್ಲಿ ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ, ಪೂರ್ತಿ ಮೈ ತಿರುಗಿಸಿ ಅವಳ ಕಡೆ ನೋಡಿದರು.

“ಬ್ಯಾಡ ಅಂದ್ರೆ ಬುಟ್ಬುಟ್ಯಾ?” ಎಂದರು. ದನಿ ಗಡುಸಾಗಿತ್ತು, ನನ್ನ ಜೊತೆ ಯಾವತ್ತೂ ಆಡದ ದನಿ. “ಮುದುಕ್ರು ಬ್ಯಾಡ ಅಂತ್ಲೇ ಅನ್ನದು ಕಣವ್ವ. ನೀನು ಇನ್ನೊಂದ್ ಕಿತ ಕೇಳ್ಬೇಕು.”

ಆ ಹೆಂಗಸು ತಬ್ಬಿಬ್ಬಾಗಿ ನನ್ನ ಕಡೆ ನೋಡಿದಳು. ಅತ್ತೆ ಆಗಲೇ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಿದ್ದರು.